ದೂರ ಕಟ್ಟಿದ ಎತ್ತು

ನಮ್ಮ ಆಸ್ಪತ್ರೆಗೆ ಯಾರಾದರೂ ದೊಡ್ಡವರು ಬಂದರೆ ಅವರನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಇದು ಪಶುವೈದ್ಯ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆ, ಪಾಠ ಹೇಳುವವರಿಗೇನೂ ಇಲ್ಲಿ ಕೊರತೆಯಿಲ್ಲ. ಆದರೆ ಉಳಿದವರು ಎರಡು ಮಾತಾಡಿ ಗಂಟಲು ಸರಿಮಾಡಿಕೊಳ್ಳುತ್ತಾರೆ, ನನಗೆ ಬಾಯಿ ಜೋರು. ಕೊಪ್ಪಳದ ಹಿಂಡಿ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಬೆಳೆದವಳು ನಾನು. ಹತ್ತಿಕಾಳಿನ ಹಿಂಡಿಯನ್ನೇ ಬಾಯಿತುಂಬ ಹೊಗಳಿ ಮಾರಿದವಳಿಗೆ ಎಕ್ಸ್‌ರೇ ಯಂತ್ರ ಹೊಗಳುವುದು ಯಾವ ದೊಡ್ಡ ಕೆಲಸ. ನಿಂತ ಎಮ್ಮೆಯನ್ನು ಹಾಗೇ ಬಿಗಿದು, ಗುಂಡಿ ಒತ್ತಿ ಅಡ್ಡ ಮಲಗಿಸುವ ಮೇಜು ತೋರಿಸುತ್ತೇನೆ. ಹಸುವಿನ ಹೊಟ್ಟೆಯಲ್ಲಿರುವ ಕರುವನ್ನು ಪರದೆಯ ಮೇಲೆ ತೋರಿಸುತ್ತೇನೆ. ರಕ್ತ ಪರೀಕ್ಷೆಯ ಕೋಣೆ, ನಾಯಿ ಬೆಕ್ಕುಗಳ ವಾರ್ಡು, ಅಂಟುರೋಗದ ದನಗಳನ್ನು ಬೇರೆ ಇಡುವ ಹಿಂದಿನ ಕಟ್ಟಡ, ಎಲ್ಲಾ ಮುಗಿಸಿ ಕೊನೆಗೆ ಬೇವಿನ ಗಿಡದ ಕೆಳಗಿನ ಕೊಟ್ಟಿಗೆಗೆ ಕರೆದೊಯ್ಯುತ್ತೇನೆ.

ಅಲ್ಲಿ ಒಂದು ಬಿಳಿ ಎತ್ತು ನಿಂತಿರುತ್ತದೆ. ಅದರ ಎಡ ಹೊಟ್ಟೆಯ ಮೇಲೆ ಅಂಗೈ ಅಗಲದ ರಬ್ಬರಿನ ಬಳೆ, ಅದಕ್ಕೊಂದು ಮುಚ್ಚಳ. ಮುಚ್ಚಳ ತೆಗೆದರೆ ಮೆಲುಕು ಹಾಕುವ ದೊಡ್ಡ ಹೊಟ್ಟೆಯ ಒಳಗಿನದೆಲ್ಲ ಕಾಣುತ್ತದೆ. ಒಳಗೆ ಕೈ ಹಾಕಿ ಹಸಿರು ರಸ ತೆಗೆಯುತ್ತೇವೆ. ಆ ರಸದಲ್ಲಿ ಮೇವು ಅರಗಿಸುವ ಸೂಕ್ಷ್ಮ ಜೀವಿಗಳಿರುತ್ತವೆ. ಹೊಟ್ಟೆ ಕೆಟ್ಟು, ಮೆಲುಕು ನಿಂತು ಸಾಯಲು ಬಿದ್ದ ದನಕ್ಕೆ ಈ ರಸ ಕುಡಿಸಿದರೆ ಅದರ ಹೊಟ್ಟೆ ಮತ್ತೆ ಕೆಲಸ ಶುರುಮಾಡುತ್ತದೆ. ಬಂದವರು ಮೊದಲು ಹೌಹಾರುತ್ತಾರೆ, ಆಮೇಲೆ ಫೋನು ತೆಗೆದು ಫೋಟೋ ಹೊಡೆದುಕೊಳ್ಳುತ್ತಾರೆ. ಎತ್ತು ತನ್ನ ಪಾಡಿಗೆ ಮೇಯುತ್ತಿರುತ್ತದೆ. ಇದು ಎಲ್ಲಿಂದ ಬಂತು ಎಂದು ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ರೈತರೊಬ್ಬರು ದಾನ ಕೊಟ್ಟದ್ದು ಎಂದು ನಾನು ಹೇಳುತ್ತೇನೆ.

ದಾನ ಎನ್ನುವ ಮಾತು ಆಡಿದಾಗಲೆಲ್ಲ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಅದು ದಾನವಲ್ಲ. ನಾನು ಬಾಯಿಮಾತಿನಲ್ಲಿ ಹೊಡೆದುಕೊಂಡ ಎತ್ತು ಅದು. ಅಷ್ಟೇ ಆಗಿದ್ದರೂ ಇಷ್ಟು ಬರೆಯುತ್ತಿರಲಿಲ್ಲವೇನೋ. ಅದರ ಹಿಂದೆ ಇನ್ನೊಂದು ಎತ್ತಿನ ವಿಷಯವಿದೆ. ಅದನ್ನು ನಾನು ಕಣ್ಣಾರೆ ನೋಡಿದವಳೇ ಅಲ್ಲ.

ಎತ್ತಿನ ಯಜಮಾನ ನಮ್ಮ ಅಂಗಡಿಯ ಹಳೆಯ ಗಿರಾಕಿ. ಯಲಬುರ್ಗಾ ದಾಟಿ ಕುಷ್ಟಗಿ ಕಡೆ ಹೋಗುವ ದಾರಿಯಲ್ಲಿ ಅವರ ಊರು. ಅಪ್ಪ ಮೂಲತಃ ಅಳವಂಡಿಯವರಾದರೂ ಅಂಗಡಿ ಹಾಕಿದ್ದು ಕೊಪ್ಪಳದಲ್ಲಿ. ಈ ಮನುಷ್ಯ ತಿಂಗಳಿಗೊಮ್ಮೆ ಹಿಂಡಿ ಒಯ್ಯಲು ಬಂದರೆ ಬಸ್ಸಿನ ಹೊತ್ತಾಗುವ ತನಕ ನಮ್ಮ ಚೀಲಗಳ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬರುವಾಗ ಅಂಗಿಯ ಜೇಬಿನ ತುಂಬ ಹುರಿದ ಶೇಂಗಾ ತಂದು ನನ್ನ ಲಂಗಕ್ಕೆ ಸುರಿಯುತ್ತಿದ್ದರು. ಮಾತು ಕಡಿಮೆ. ಹಿಂಡಿಯಲ್ಲಿ ಕಲಬೆರಕೆ ಇದೆಯೇ ಎಂದು ಉಳಿದ ಗಿರಾಕಿಗಳು ಅಗಿದು, ಉಗಿದು, ಜಗಳ ತೆಗೆಯುತ್ತಿದ್ದರೆ ಇವರು ಒಂದು ದಿನವೂ ಚೀಲ ಬಿಚ್ಚಿ ನೋಡಿದವರಲ್ಲ. ಅಪ್ಪ ಛಲೋ ಐತಿ ಎಂದರೆ ಮುಗಿಯಿತು. ನನಗೆ ಪಶುವೈದ್ಯ ಸೀಟು ಸಿಕ್ಕಾಗ ನಮ್ಮ ಬಳಗದವರು ಇದೇನು ದನದ ಡಾಕ್ಟರು ಎಂದು ಮೂಗು ಮುರಿದರು. ಖುಷಿಪಟ್ಟವರು ಇವರೊಬ್ಬರೇ. ನಮ್ಮ ದನಕ್ಕೆ ಇನ್ನು ಮನೆಯ ಡಾಕ್ಟರೇ ಆದರಲ್ಲ ಎಂದು ಅಪ್ಪನ ಕೈ ಹಿಡಿದು ಹೇಳಿದ್ದರಂತೆ. ಅಂದಿನಿಂದ ನನ್ನ ಜೊತೆ ಮಾತಾಡುವಾಗ ‘ಹೋಗು, ಬಾ’ ಬಿಟ್ಟು ‘ಬರ್ರಿ, ಕೂಡ್ರಿ’ ಎನ್ನತೊಡಗಿದರು. ಬೇಡವೆಂದರೂ ಕೇಳಲಿಲ್ಲ.

ನಾನು ಸ್ನಾತಕೋತ್ತರ ಓದುತ್ತಿದ್ದ ಎರಡನೆಯ ವರ್ಷ ಅವರ ಜೋಡಿ ಎತ್ತುಗಳಲ್ಲಿ ಒಂದಕ್ಕೆ ಹೆಗಲ ಮೇಲೆ ಗಡ್ಡೆ ಎದ್ದಿತು. ನೊಗ ತಿಕ್ಕಿ ತಿಕ್ಕಿ ಆದ ಗಾಯ ಒಳಗೇ ಕಲ್ಲಾಗಿ, ತೆಂಗಿನಕಾಯಿ ಗಾತ್ರಕ್ಕೆ ಬೆಳೆದಿತ್ತು. ಊರ ಕಡೆ ಔಷಧ ಹಚ್ಚಿ ಸಾಕಾಗಿ, ಅಪ್ಪನಿಂದ ಫೋನು ಮಾಡಿಸಿ, ಟೆಂಪೋದಲ್ಲಿ ಹಾಕಿಕೊಂಡು ನಮ್ಮ ಆಸ್ಪತ್ರೆಗೇ ತಂದರು. ನಮ್ಮ ಸರ್ಜರಿಯವರು ಗಡ್ಡೆ ತೆಗೆದರು. ಗಾಯ ಮಾಯುವ ತನಕ ಕಾಕಾ ಆವರಣದ ಬೇವಿನ ಗಿಡದ ಕೆಳಗೇ ಬೀಡುಬಿಟ್ಟರು. ಎಲ್ಲಾ ಸರಿಹೋಯಿತು, ಆದರೆ ಹೆಗಲ ಮೇಲೆ ಬಂದ ಹೊಸ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಇನ್ನು ಮೇಲೆ ಇದಕ್ಕೆ ನೊಗ ಇಡುವ ಹಾಗಿಲ್ಲ ಎಂದು ನಮ್ಮ ಸರ್ ಹೇಳಿಬಿಟ್ಟರು. ಉಳಿದಂತೆ ಎತ್ತು ಗಟ್ಟಿಮುಟ್ಟು, ಸ್ವಭಾವವಂತೂ ಹಾಲಿನಂಥದ್ದು. ಹುಡುಗರು ಬಾಲ ಎಳೆದರೂ ತಿರುಗಿ ನೋಡುತ್ತಿರಲಿಲ್ಲ.

ಸರ್ ಆ ಮಾತು ಹೇಳಿದಾಗ ಕಾಕಾನ ಮುಖ ಸಣ್ಣದಾಯಿತು. ನಿಜ ಹೇಳಬೇಕೆಂದರೆ ನನ್ನ ಮುಖ ಅರಳಿತು. ಯಾಕೆಂದರೆ ನನ್ನ ಸಂಶೋಧನೆಯೇ ಹೊಟ್ಟೆಯ ಆ ರಸದ ಮೇಲಿತ್ತು. ತೆಗೆದ ರಸವನ್ನು ಎಷ್ಟು ಹೊತ್ತು ಜೀವಂತ ಇಡಬಹುದು, ಫ್ಲಾಸ್ಕಿನಲ್ಲಿ ಹಾಕಿ ದೂರದ ಊರಿಗೆ ಒಯ್ದರೆ ಕೆಲಸ ಮಾಡುತ್ತದೆಯೇ, ಇದು ನನ್ನ ಪ್ರಶ್ನೆ. ರಸ ಕೊಡುತ್ತಿದ್ದ ಹಳೆಯ ಹಸು ವಯಸ್ಸಾಗಿ ಸತ್ತುಹೋಗಿತ್ತು. ಹೊಸದನ್ನು ತರಿಸಲು ಬರೆದ ಕಾಗದ ಯಾವ ಮೇಜಿನ ಮೇಲೆ ಮಲಗಿತ್ತೋ ಗೊತ್ತಿಲ್ಲ. ನನ್ನ ಜೊತೆಯವರು ಪ್ರಬಂಧ ಬರೆಯಲು ಕೂತಿದ್ದರೆ ನಾನು ಖಾಲಿ ಬಾಟಲಿ ತೊಳೆಯುತ್ತಾ ಕೂತಿದ್ದೆ. ಕೆಲಸ ಎಲ್ಲಿಗೆ ಬಂತು ಎಂದು ಸರ್ ದಿನಾ ಕೇಳುತ್ತಿದ್ದರು, ನನಗೆ ಅವರ ಕಣ್ಣು ತಪ್ಪಿಸಿ ಓಡಾಡುವುದೇ ಒಂದು ಉದ್ಯೋಗವಾಗಿತ್ತು. ಅಂಥ ಹೊತ್ತಿಗೆ ಎದುರಿಗೆ ಈ ಎತ್ತು ನಿಂತಿತ್ತು.

ಕಾಕಾನಿಗೆ ನಾನೇ ಹೇಳಿದೆ. ದುಡಿಯದ ಎತ್ತನ್ನು ಮನೆಯಲ್ಲಿ ಕಟ್ಟಿಕೊಂಡು ಏನು ಮಾಡುತ್ತೀರಿ, ಆಸ್ಪತ್ರೆಗೇ ಬಿಡಿ, ಹುಲ್ಲು ನೀರು ನಾವೇ ನೋಡಿಕೊಳ್ಳುತ್ತೇವೆ ಎಂದೆ. ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಬೋಧನೆಗೆ, ಸಂಶೋಧನೆಗೆ, ಅದಕ್ಕೆ ಬೇಕಾದ ಶಸ್ತ್ರಚಿಕಿತ್ಸೆಗೆ ಎಂದೆಲ್ಲ ಇತ್ತು. ಕಲಿಯುವ ಹುಡುಗರು ನೋಡುತ್ತಾರೆ ಎಂದಷ್ಟೇ ನಾನು ಓದಿ ಹೇಳಿದೆ. ಶಸ್ತ್ರಚಿಕಿತ್ಸೆಯ ಸಾಲಿನ ಮೇಲೆ ನನ್ನ ಬೆರಳು ಇತ್ತು. ಬೆರಳು ಅಲ್ಲಿ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ.

"ಯಾರೂ ನೊಗ ಇಡಂಗಿಲ್ಲಲ್ಲ, ಯವ್ವಾ?" ಎಂದು ಕಾಕಾ ಕೇಳಿದರು.

ಇಲ್ಲ ಎಂದೆ. ಮಾರುವುದಿಲ್ಲವಷ್ಟೇ ಎಂದರು. ಸಾಯುವ ತನಕ ಇಲ್ಲೇ ಇರುತ್ತದೆ ಎಂದೆ. ಎರಡೂ ನಿಜವೇ. ಅವರು ಎತ್ತಿನ ಗಂಗೆದೊಗಲು ಸವರುತ್ತಾ, "ಅಂದ್ರ ದೇವರಿಗೆ ಬಸವಣ್ಣನ್ನ ಬಿಟ್ಟಂಗ ಆತು" ಎಂದರು.

ನಮ್ಮ ಕಡೆ ದೇವರ ಹೆಸರಲ್ಲಿ ಬಸವ ಬಿಡುವುದು ಎಂದರೆ ಏನು ಎಂದು ನನಗೆ ಗೊತ್ತಿರಲಿಲ್ಲವೇ? ಬಿಟ್ಟ ಬಸವನ ಮೈಗೆ ಯಾರೂ ಕೋಲು ತಾಗಿಸುವುದಿಲ್ಲ, ಹಗ್ಗ ಹಾಕುವುದಿಲ್ಲ, ಹೊಲಕ್ಕೆ ನುಗ್ಗಿ ಮೇಯ್ದರೂ ಬೈಯುವುದಿಲ್ಲ. ಅದರ ಮೈಗೆ ಕತ್ತಿ ಹಾಕಿ ತೂತು ಮಾಡುವುದಂತೂ ಯಾರ ಕನಸಿಗೂ ಬಾರದ ಮಾತು. ಎಲ್ಲಾ ಗೊತ್ತಿದ್ದೇ "ಹೂಂ ಕಾಕಾ, ಹಂಗ ತಿಳ್ಕೋರಿ" ಎಂದೆ. ಅವರು ಹೆಬ್ಬೆಟ್ಟು ಒತ್ತಿದರು. ಆಮೇಲೆ ಗೇಟಿನ ಹೊರಗಿನ ಅಂಗಡಿಗೆ ಹೋಗಿ ಕಾಯಿ, ಊದುಬತ್ತಿ, ವಿಭೂತಿ ತಂದು, ಎಕ್ಸ್‌ರೇ ಕೋಣೆಯ ಮುಂದೆಯೇ ಎತ್ತಿನ ಕಾಲು ತೊಳೆದು ಪೂಜೆ ಮಾಡಿದರು. ದೇವರಿಗೆ ಬಿಟ್ಟದ್ದಕ್ಕೆ ಮೂಗುದಾರ ಇರಬಾರದೆಂದು ಅದನ್ನು ತಮ್ಮ ಕೈಯಾರೆ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅವರ ಬಸ್ಸು ಹೊರಟ ಮೇಲೆ ನಾನೇ ಹೊಸ ಮೂಗುದಾರ ಹಾಕಿಸಿದೆ. ಮೂಗುದಾರವಿಲ್ಲದ ಎತ್ತನ್ನು ಶಸ್ತ್ರಚಿಕಿತ್ಸೆಗೆ ಬಿಗಿಯುವುದು ಕಷ್ಟ.

ವಾರದೊಳಗೆ ಎತ್ತಿನ ಹೊಟ್ಟೆಗೆ ಕಿಟಕಿ ಬಂತು. ನೋವಾಗದ ಹಾಗೆ ಮದ್ದು ಚುಚ್ಚಿ, ನಿಲ್ಲಿಸಿಯೇ ಮಾಡಿದರು. ಎರಡು ದಿನ ಮೇವು ಬಿಟ್ಟಿತ್ತು, ಮೂರನೆಯ ದಿನ ತಿಂದಿತು. ಒಂದು ಹನಿ ರಸ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಸಂತೆಯ ಜನರ ಹಾಗೆ ಓಡಾಡುತ್ತಿದ್ದ ಆ ಜೀವಿಗಳನ್ನು ಕಂಡು ನಾನು ಕುಣಿದದ್ದೂ ನಿಜ. ಗಂಗಾವತಿ ಕಡೆಯಿಂದ ಒಂದು ಎಮ್ಮೆ ಬಂದಿತ್ತು. ಒಕ್ಕಿದ ಭತ್ತದ ರಾಶಿಗೆ ಬಾಯಿ ಹಾಕಿ, ಹೊಟ್ಟೆ ಹುಳಿಯೆದ್ದು, ಕುತ್ತಿಗೆ ಚೆಲ್ಲಿ ಬಿದ್ದಿತ್ತು. ಹೊಟ್ಟೆ ತೊಳೆದು, ಈ ಎತ್ತಿನ ರಸ ಕುಡಿಸಿದ ಮರುದಿನ ಎದ್ದು ನಿಂತು ಮೆಲುಕು ಹಾಕಿತು. ಎಮ್ಮೆಯ ಒಡತಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಕಾಕಾನ ನೆನಪು ಚುಚ್ಚಿದಾಗಲೆಲ್ಲ ನಾನು ಈ ಎಮ್ಮೆಯನ್ನು ಮುಂದೆ ತಂದು ನಿಲ್ಲಿಸಿಕೊಳ್ಳುತ್ತೇನೆ. ಸ್ವಲ್ಪ ಹೊತ್ತು ಸಮಾಧಾನವಾಗುತ್ತದೆ, ಅಷ್ಟೇ.

ಕಾರ ಹುಣ್ಣಿಮೆ ಬಂತು. ಅಂದು ನಮ್ಮ ಸೀಮೆಯಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಮೆರೆಸುವ ಹಬ್ಬ. ನಮ್ಮ ಕಾಲೇಜಿಗೆ ಅದರ ಗೊಡವೆ ಇಲ್ಲ, ಅಂದು ಮೂರನೆಯ ವರ್ಷದ ಹುಡುಗರಿಗೆ ಪ್ರಯೋಗ ಪಾಠವಿತ್ತು. ಎತ್ತಿನ ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು. ಒಬ್ಬಳು ಉದ್ದ ಕೈಗವಸು ಹಾಕಿ ಮೊಣಕೈ ತನಕ ಕಿಟಕಿಯೊಳಗೆ ತೂರಿಸಿ, ಬೆಚ್ಚಗಿದೆ ಎಂದು ನಗುತ್ತಿದ್ದಳು. ನಾನು ತಲೆಯೆತ್ತಿದರೆ ಗೇಟಿನ ಹತ್ತಿರ ಕಾಕಾ ಕಂಡರು. ಮಡಿ ಧೋತರ, ತಲೆಗೆ ಹೊಸ ರುಮಾಲು, ಕೈಯಲ್ಲಿ ಕೊಂಬಿಗೆ ಹಚ್ಚುವ ಹುರಮಂಜಿನ ಕೆಂಪು ಬಣ್ಣದ ಡಬ್ಬಿ, ಹೆಗಲಿಗೆ ಗೆಜ್ಜೆಸರ, ಬಟ್ಟೆಯಲ್ಲಿ ಕಟ್ಟಿದ ಹೋಳಿಗೆ. ಬಿಟ್ಟ ಬಸವಣ್ಣನಿಗೆ ಹಬ್ಬ ಮಾಡಲು ಮೂರು ಬಸ್ಸು ಬದಲಿಸಿ ಬಂದಿದ್ದರು.

ನಾನು ಓಡಿದೆ. ಅವರು ಆ ಕಡೆ ತಿರುಗುವ ಮೊದಲೇ ಅಡ್ಡ ನಿಂತು ಕೈಹಿಡಿದು ಇನ್ನೊಂದು ಬದಿಗೆ ಕರೆದೊಯ್ದೆ. ಅಲ್ಲಿ ಅಂಟುರೋಗದ ಕಟ್ಟಡವಿತ್ತು, ಬಾಗಿಲ ಮೇಲೆ ಪ್ರವೇಶವಿಲ್ಲ ಎಂಬ ಫಲಕ. ಆ ಫಲಕ ಕಣ್ಣಿಗೆ ಬಿದ್ದದ್ದೇ ಬಾಯಿಗೆ ಸುಳ್ಳು ಬಂತು. "ಅಂಟುಜಡ್ಡು ಬಂದೈತಿ ಕಾಕಾ, ಒಳಗ ಇಟ್ಟೀವಿ. ಯಾರನ್ನೂ ಬಿಡಂಗಿಲ್ಲ" ಎಂದೆ.

ಅವರು ಫಲಕ ನೋಡಿದರು, ಬಾಗಿಲು ನೋಡಿದರು. ಬದುಕುತ್ತದೆಯೇ ಎಂದು ಕೇಳಿದರು. ನೋಡಬೇಕು ಎಂದೆ. ಆಮೇಲೆ ಅವರು ಕೇಳಿದ್ದು ನಾನು ಎಣಿಸಿರದ ಪ್ರಶ್ನೆ: "ಮತ್ತ ಮನ್ಯಾಗ ಇದರ ಜೋಡಿ ಎತ್ತು ಐತಲ್ಲ?"

ಏನೂ ಆಗುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ ಅಂಟುಜಡ್ಡಿನ ಮಾತು ಸುಳ್ಳೆಂದು ಕಂಡೀತೆಂಬ ಹೆದರಿಕೆ. ಹೇಳುವ ಸುಳ್ಳನ್ನೂ ಡಾಕ್ಟರಂತೆ ಹೇಳಬೇಕೆಂಬ ಜಂಬ ಬೇರೆ. ಕೆಲವು ರೋಗ ತಿಂಗಳುಗಟ್ಟಲೆ ಮೈಯೊಳಗೇ ಇರುತ್ತವೆ, ಹೊರಗೆ ಕಾಣುವುದಿಲ್ಲ, ಅಲ್ಲಿಯ ತನಕ ಉಳಿದ ದನಗಳಿಗೆ ತಾಗಬಹುದು ಎಂದು ಪಾಠ ಒಪ್ಪಿಸಿದೆ. ಸ್ವಲ್ಪ ದೂರ ಕಟ್ಟಿ ಎಂದೆ. ಎಲ್ಲಿಯ ತನಕ ಎಂದು ಕೇಳಿದರು. "ನಾವು ಹೇಳೋತನಕ" ಎಂದೆ.

ಅವರು ಹೋಳಿಗೆ ನನ್ನ ಕೈಗಿತ್ತು, ಬಣ್ಣದ ಡಬ್ಬಿಯನ್ನು ಆ ಬಾಗಿಲ ಹೊಸ್ತಿಲ ಮೇಲಿಟ್ಟು, ಮುಚ್ಚಿದ ಬಾಗಿಲಿಗೆ ಕೈಮುಗಿದು ಹೋದರು. ಹೋಳಿಗೆಯನ್ನು ಪಾಠ ಮುಗಿದ ಮೇಲೆ ಹುಡುಗರು ಹಂಚಿಕೊಂಡು ತಿಂದರು. ನಾನೂ ತಿಂದೆ.

ಆ ನಂತರ ನಾನು ಪ್ರಬಂಧದಲ್ಲಿ ಮುಳುಗಿದೆ. ಅಪ್ಪ ಫೋನಿನಲ್ಲಿ ಎರಡು ಮೂರು ಸಲ ಹೇಳಿದರು, ನಿಮ್ಮ ಕಾಕಾ ಅಂಗಡಿಗೆ ಬಂದಿದ್ದರು, ನೀನು ಏನಾದರೂ ಹೇಳಿ ಕಳಿಸಿದೆಯಾ ಎಂದು ಕೇಳಿದರು ಅಂತ. ಎತ್ತು ಬದುಕಿದೆಯೇ ಎಂದು ಕೇಳುತ್ತಿರಬೇಕೆಂದು ನಾನು ತಿಳಿದೆ. ನಾನೇ ಮಾತಾಡುತ್ತೇನೆ ಎಂದೆ. ಮಾತಾಡಲಿಲ್ಲ. ಮಾತಾಡಿದರೆ ಇನ್ನೊಂದು ಸುಳ್ಳು ಹುಡುಕಬೇಕಿತ್ತು, ಅದಕ್ಕೆ ಬೇಜಾರು. ಆಮೇಲೆ ಮರೆತೆ. ಮರೆತೆ ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ.

ಮುಂದಿನ ಮುಂಗಾರಿಗೆ ಇನ್ನು ಕೆಲವೇ ದಿನ ಇರುವಾಗ ಕಾಕಾ ಮತ್ತೆ ಬಂದರು. ಪ್ರಬಂಧ ಮುಗಿಸಿ ನಾನು ಅಲ್ಲೇ ಪಾಠ ಹೇಳಲು ಸೇರಿಕೊಂಡಿದ್ದೆ, ಹೊರರೋಗಿ ವಿಭಾಗದ ಮೇಜಿನ ಹಿಂದೆ ಕೂತಿದ್ದೆ. ಈ ಸಲ ಹೊಸ ರುಮಾಲಿಲ್ಲ. ಒಂದು ವರ್ಷಕ್ಕೆ ಹತ್ತು ವರ್ಷದ ವಯಸ್ಸು ಏರಿದ ಹಾಗೆ ಕಂಡರು. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಾಗಿಲಲ್ಲೇ ನಿಂತರು.

"ಯವ್ವಾ, ನೀವು ಹೇಳಿ ಕಳಸ್ತೀರಿ ಅಂತ ದಾರಿ ನೋಡಿದೆ. ಮೋಡ ಆಗಾಕ ಹತ್ತೈತಿ. ಅದನ್ನ ಇನ್ನ ಓಣಿಗೆ ತರಬಹುದೇನು?"

ಯಾವುದನ್ನು ಎಂದು ನಾನು ಕೇಳಿದೆ. ನನಗೆ ನಿಜವಾಗಿಯೂ ತಿಳಿಯಲಿಲ್ಲ.

ಅವರು ಹೇಳುತ್ತಾ ಹೋದರು, ನಾನು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೇಳಿದೆ. ಆ ಹುಣ್ಣಿಮೆಯ ದಿನ ಇಲ್ಲಿಂದ ಹೋದವರು ಸಂಜೆಯೇ ಜೋಡಿ ಎತ್ತನ್ನು ಊರಾಚೆಯ ತಮ್ಮ ಹೊಲದ ಬದುವಿಗೆ ಒಯ್ದು ಕಟ್ಟಿದ್ದರು. ಒಂದೊಂದೇ ಎತ್ತು ಇರುವ ಎರಡು ಮನೆಯವರು ಎತ್ತು ಕೂಡಿಸಿ ಇಬ್ಬರ ಹೊಲವನ್ನೂ ಬಿತ್ತಿಕೊಳ್ಳುವುದು ಅಲ್ಲಿ ರೂಢಿ. ಇವರು ಪಕ್ಕದ ಮನೆಯವರ ಜೊತೆ ಹಾಗೆ ಮಾತಾಡಿಕೊಂಡಿದ್ದರು. ಅವರಿಗೆ ತಾವೇ ಹೋಗಿ, ಆಸ್ಪತ್ರೆಯಲ್ಲಿರುವ ಇದರ ಜೋಡಿ ಎತ್ತಿಗೆ ಅಂಟುಜಡ್ಡು ಬಂದಿದೆ, ನಿಮ್ಮದನ್ನು ಇದರ ಜೊತೆ ಹೂಡಬೇಡಿ ಎಂದು ಹೇಳಿ ಬಂದಿದ್ದರು. ಯಾರೂ ಕೇಳಿರಲಿಲ್ಲ, ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚರ್ಮಗಂಟು ರೋಗ ಬಂದು ದನಗಳು ಸತ್ತದ್ದನ್ನು ಆ ಓಣಿ ಆಗಷ್ಟೇ ಕಂಡಿತ್ತು. ಸುದ್ದಿ ಕೇಳಿದ ಜನ ಆ ಎತ್ತನ್ನು ಓಣಿಯ ತೊಟ್ಟಿಯ ಹತ್ತಿರವೂ ಸುಳಿಯಗೊಡಬೇಡಿ ಎಂದರು. ಇವರು ಒಂದು ವರ್ಷ ಕೊಡದಲ್ಲಿ ನೀರು ಹೊತ್ತು ಹೊಲಕ್ಕೆ ಒಯ್ದರು. ಹೊಲದಿಂದ ಬಂದವರು ಧೋತರ ಬದಲಿಸಿ, ಕೈಕಾಲು ತೊಳೆದು ಮನೆಯೊಳಗೆ ಕಾಲಿಟ್ಟರು. ಎತ್ತು ಮೊದಮೊದಲು ಸಂಜೆಯಾದರೆ ಊರ ಕಡೆ ಮುಖ ಮಾಡಿ ಒದರುತ್ತಿತ್ತಂತೆ. ಆಮೇಲಾಮೇಲೆ ಬಿಟ್ಟಿತಂತೆ.

ಮೈಯಲ್ಲಿ ಒಂದು ಗಂಟೂ ಇಲ್ಲ, ಮೇವು ಚೆನ್ನಾಗಿ ತಿನ್ನುತ್ತದೆ ಎಂದರು. ಆದರೆ ಈಗ ಇವರು ಎಷ್ಟು ಹೇಳಿದರೂ ಓಣಿಯವರು ನಂಬುವುದಿಲ್ಲ. ಆಸ್ಪತ್ರೆಯಿಂದ ಒಂದು ಚೀಟಿ ತಂದು ತೋರಿಸಿದರೆ ಪಕ್ಕದ ಮನೆಯವರು ತಮ್ಮ ಎತ್ತು ಕೂಡಿಸಲು ಒಪ್ಪಿದ್ದಾರೆ. ಅದಕ್ಕೇ ಬಂದದ್ದು.

ನಾನು ಅಂದ ನಾಲ್ಕು ಮಾತಿಗೆ ಒಂದು ಜೀವ ಮಳೆ ಬಿಸಿಲಲ್ಲಿ ಒಂಟಿಯಾಗಿ ವರ್ಷ ಕಳೆದಿತ್ತು. ನನಗೆ ಅಳು ಬರಲಿಲ್ಲ. ನನ್ನ ತಲೆಯಲ್ಲಿ ಮೊದಲು ಓಡಿದ ಯೋಚನೆ, ಸದ್ಯ, ಚೀಟಿ ಬರೆದುಕೊಟ್ಟರೆ ಇದು ಇಲ್ಲಿಗೇ ಮುಗಿಯುತ್ತದಲ್ಲ ಎಂಬುದು. ಅಂಥವಳು ನಾನು. ಅಚ್ಚಾದ ಹಾಳೆ ಎಳೆದುಕೊಂಡು ಅವರ ಹೆಸರು, ಊರು, ಎತ್ತಿನ ಬಣ್ಣ ತುಂಬಿದೆ. ರೋಗದ ಹೆಸರು ಎಂಬ ಜಾಗಕ್ಕೆ ಬಂದು ಕೈ ನಿಂತಿತು. ಐದು ವರ್ಷ ರೋಗಗಳ ಹೆಸರು ಉರುಹೊಡೆದವಳಿಗೆ ಒಂದು ಹೆಸರೂ ಹೊಳೆಯಲಿಲ್ಲ. ಪೆನ್ನು ಕೆಳಗಿಟ್ಟೆ.

"ಕಾಕಾ, ಜಡ್ಡು ಇರಲೇ ಇಲ್ಲ" ಎಂದೆ.

ಅವರು ತಲೆಯಾಡಿಸಿದರು. ತಮ್ಮ ಮನೆಯ ಎತ್ತಿಗೆ ಇರಲಿಲ್ಲ, ಅದು ತಮಗೂ ಗೊತ್ತು, ಇಲ್ಲಿದ್ದದ್ದಕ್ಕೆ ಬಂದಿತ್ತಲ್ಲ ಎಂದರು. ಇದಕ್ಕೂ ಬಂದಿರಲಿಲ್ಲ ಎಂದೆ. ನಾನು ಸುಳ್ಳು ಹೇಳಿದ್ದೆ ಎಂದೆ. ಅವರು ನನ್ನನ್ನೇ ನೋಡಿದರು. ಸಿಟ್ಟಿಗಿಂತ ಹೆಚ್ಚಾಗಿ ಆ ಮುಖದಲ್ಲಿ ಇದ್ದದ್ದು ಗಲಿಬಿಲಿ. ಅಂಗಡಿ ಸಾಹುಕಾರರ ಮಗಳಿಗೆ ತಮ್ಮಂಥವರ ಹತ್ತಿರ ಸುಳ್ಳು ಹೇಳುವ ಅಗತ್ಯ ಏನು ಬಿತ್ತು ಎಂದು ಅವರು ಯೋಚಿಸುತ್ತಿದ್ದರು ಅನ್ನಿಸುತ್ತದೆ. ತೋರಿಸುತ್ತೇನೆ ಬನ್ನಿ ಎಂದು ಎದ್ದೆ.

ಕೊಟ್ಟಿಗೆಯಲ್ಲಿ ಎತ್ತು ಮಲಗಿತ್ತು, ನಮ್ಮನ್ನು ಕಂಡು ಎದ್ದಿತು. ಅವರು ಮೊದಲು ನೋಡಿದ್ದು ಅದರ ಮೂಗನ್ನು. ಮೂಗುದಾರ ಮುಟ್ಟಿ ನೋಡಿದರು. ಆಮೇಲೆ ಎಡಗಡೆಗೆ ಬಂದು ರಬ್ಬರಿನ ಬಳೆ ನೋಡಿದರು. ನಾನು ಮುಚ್ಚಳ ತೆಗೆದೆ. ಯಾಕೆ ಮಾಡಿದ್ದು, ಏನು ಉಪಯೋಗ ಎಂದು ಹೇಳಿದೆ. ದೊಡ್ಡವರು ಬಂದಾಗ ಹೇಳುವ ಹಾಗೆ ಹೇಳಲು ಆಗಲಿಲ್ಲ. ಅವರು ಬಗ್ಗಿ ಒಳಗೆ ನೋಡಿದರು. ಅವರ ಮೂಗಿಗೆ ಹುಳಿ ವಾಸನೆ ಬಡಿದಿರಬೇಕು, ಮುಖ ಹಿಂದೆ ತೆಗೆಯಲಿಲ್ಲ. ನೊಣ ಕೂರುವುದಿಲ್ಲವೇ ಎಂದು ಕೇಳಿದರು. ಮುಚ್ಚಳ ಹಾಕಿದರೆ ಕೂರುವುದಿಲ್ಲ ಎಂದೆ. ನೋವು ಇದೆಯೇ ಎಂದರು. ಈಗಿಲ್ಲ ಎಂದೆ. ಇದರಿಂದ ಬೇರೆ ದನ ಬದುಕುತ್ತವೆಯೇ ಎಂದರು. ಬದುಕುತ್ತವೆ, ಬದುಕಿವೆ ಎಂದೆ.

"ಮತ್ತ ಇದನ್ನ ಯಾಕ ಮುಚ್ಚಿಟ್ರಿ?"

ನೀವು ಒಪ್ಪುತ್ತಿರಲಿಲ್ಲ ಎಂದೆ. ಒಪ್ಪುತ್ತಿದ್ದೆನೋ ಇಲ್ಲವೋ, ನೀವು ಕೇಳಲೇ ಇಲ್ಲವಲ್ಲ ಎಂದರು. ದನಿ ಏರಿಸಲಿಲ್ಲ. ಎತ್ತಿನ ಬೆನ್ನ ಮೇಲೆ ಕೈಯಿಟ್ಟರು. ಎತ್ತಿಗೆ ಅವರ ಗುರುತು ಹತ್ತಿತೋ ಇಲ್ಲವೋ, ಅದು ಮೆಲುಕು ಹಾಕುತ್ತಲೇ ಇತ್ತು. ತಪ್ಪಾಯಿತು ಎಂದು ನಾನು ಅವರ ಕಾಲಿಗೆ ಬಗ್ಗಿದೆ. ಅವರು ಹಿಂದೆ ಸರಿದರು.

"ಇದರದೇನಲ್ಲ ಬಿಡ್ರಿ, ಇದು ಹೊಟ್ಟಿ ತುಂಬ ತಿಂದೈತಿ. ಆ ಎತ್ತಿನ ಮುಂದ ನಾ ಒಂದು ವರ್ಸ ಮೂಗಿಗೆ ಅರಿವಿ ಕಟ್ಕೊಂಡು ನೀರಿಟ್ಟೀನಿ, ಯವ್ವಾ. ಒಮ್ಮಿ ಮೈ ಮುಟ್ಟಿಲ್ಲ."

ನಾನು ಮುಚ್ಚಳ ಹಾಕಿದೆ. ಈ ಸಲ ನಿಜವನ್ನೇ ಬರೆಯಬೇಕು, ಸಹಿಯ ಕೆಳಗೆ ನನ್ನ ಹೆಸರನ್ನೂ ಬಿಡಿಸಿ ಬರೆಯಬೇಕು ಎಂದುಕೊಂಡು ಮೇಜಿಗೆ ಹಿಂತಿರುಗಿದೆ. ಹೊಸ ಹಾಳೆ ತೆಗೆದು ಬರೆದೆ: ಎರಡೂ ಎತ್ತುಗಳಿಗೆ ಯಾವ ಅಂಟುರೋಗವೂ ಇರಲಿಲ್ಲ, ಇದೆ ಎಂದು ನಾನು ತಪ್ಪು ಹೇಳಿದ್ದೆ. ಅವರಿಗೆ ಓದಿ ಹೇಳಿದೆ. ನನಗೆ ಮೈ ಹಗುರಾದ ಹಾಗೆ ಅನ್ನಿಸಿತ್ತು, ದೊಡ್ಡ ಕೆಲಸ ಮಾಡಿದ ಹಾಗೆ.

ಕಾಕಾ ಬೇಡವೆಂದು ಕೈಯಾಡಿಸಿದರು. "ಹಂಗ ಬರೀಬ್ಯಾಡ್ರಿ. ಇಲ್ಲಿಯವರು ಸುಳ್ಳು ಹೇಳ್ತಾರ ಅಂತ ಗೊತ್ತಾದ್ರ ನಮ್ಮ ಊರಾಗಿನ ಒಂದು ದನಾನೂ ಇಲ್ಲಿಗೆ ಬರಂಗಿಲ್ಲ, ಅಲ್ಲೇ ಸಾಯ್ತಾವ. ಜಡ್ಡು ಇತ್ತು, ಕಡಿಮಿ ಆಗೈತಿ ಅಂತ ಬರೀರಿ. ನಾನೂ ಹಂಗ ಹೇಳ್ತೀನಿ."

ಆಗುವುದಿಲ್ಲ ಎಂದೆ. ಅವರು ಮತ್ತೆ ಹೇಳಲಿಲ್ಲ, ಬಾಗಿಲಲ್ಲಿ ನಿಂತು ಕಾದರು. ನಾನು ಮೊದಲಿನ ಹಾಳೆಯನ್ನೇ ತೆಗೆದುಕೊಂಡು ರೋಗದ ಹೆಸರಿನ ಜಾಗದಲ್ಲಿ ಒಂದು ಹೆಸರು ಬರೆದೆ, ಗುಣವಾಗಿದೆ ಎಂದು ಬರೆದೆ, ಸಹಿ ಹಾಕಿ ಮುದ್ರೆ ಒತ್ತಿದೆ. ಅವರು ಹೆಸರು ಏನೆಂದು ಕೇಳಿ, ತಪ್ಪದೆ ಬರುವ ತನಕ ಎರಡು ಸಲ ಬಾಯಲ್ಲಿ ಹೇಳಿಕೊಂಡರು. ಆ ಮನುಷ್ಯ ಸುಳ್ಳು ಕಲಿಯುತ್ತಿದ್ದುದನ್ನು ನಾನು ಕೂತು ನೋಡಿದೆ.

ಊಟ ಮಾಡಿಕೊಂಡು ಹೋಗಿ ಎಂದೆ. ಇನ್ನೊಮ್ಮೆ ಎತ್ತನ್ನು ನೋಡಿಕೊಂಡಾದರೂ ಹೋಗಿ ಎಂದೆ. ಅವರು ಆಗಲೇ ಚೀಟಿ ಮಡಿಸಿ ಒಳಜೇಬಿಗೆ ಸೇರಿಸಿ ಚಪ್ಪಲಿ ಮೆಟ್ಟುತ್ತಿದ್ದರು.

"ಬ್ಯಾಡ್ರಿ. ಈಗಿನ ಬಸ್ಸು ಸಿಕ್ರ ಹೊತ್ತು ಮುಳುಗೂದ್ರೊಳಗ ಅದನ್ನ ಬಿಚ್ಚಿ ಮನಿಗೆ ತರ್ತೀನಿ" ಎಂದು ಹೇಳಿ, ಗೇಟಿನ ಕಡೆ ಬಿರಬಿರನೆ ನಡೆದರು.